ತೆಂಗಿನ ಮರದ ತುದಿಗೆ ನೀರು ಹೋಗುದು ಹೇಗೆ: ಪಿಯುಸಿ, ನೀಟ್ ಮಕ್ಕಳಿಗೆ

ಪರೀಕ್ಷೆ ಹತ್ರ ಬಂದ ಹಾಗೆ ಟ್ಯೂಷನ್ ಮಕ್ಕಳು ಕೇಳುದು ಹೆಚ್ಚಾಗಿ ಒಂದೇ, ಸರ್ ಅನಾಟಮಿ (ಗಿಡದ ಒಳರಚನೆ) ತಲೆಯಲ್ಲಿ ನಿಲ್ಲುದೇ ಇಲ್ಲ, ಡೈಕಾಟ್ (ಎರಡು ಬೀಜದಳದ ಗಿಡ) ಮೋನೋಕಾಟ್ (ಒಂದು ಬೀಜದಳದ್ದು) ಟೇಬಲ್ ಎಷ್ಟು ಸಲ ಬರೆದ್ರೂ ಎರಡು ದಿನದಲ್ಲಿ ಅದಲು ಬದಲು ಆಗ್ತದೆ, ಎಂತ ಮಾಡುದು ಅಂತ. ಮಕ್ಕಳ ತಪ್ಪಲ್ಲ ಅದು. ಕಾಂಡದ ಒಳಗೆ ಎಂತ ಉಂಟು ಅಂತ ಚಿತ್ರ ಬಿಡಿಸ್ಲಿಕ್ಕೆ ಕಲಿಸ್ತೇವೆ, ಅದು ಎಂತ ಕೆಲಸ ಮಾಡ್ತದೆ ಅಂತ ಹೇಳುವ ಪಾಠವೇ ಈಗ ಪುಸ್ತಕದಲ್ಲಿಲ್ಲ. 2022ರಲ್ಲಿ ಎನ್‌ಸಿಇಆರ್‌ಟಿಯವರು ಪುಸ್ತಕ ಸಣ್ಣ ಮಾಡುವಾಗ ಟ್ರಾನ್ಸ್‌ಪೋರ್ಟ್ ಇನ್ ಪ್ಲಾಂಟ್ಸ್ ಪಾಠ ಪೂರ್ತಿ ತೆಗೆದ್ರು, ಮಿನರಲ್ ನ್ಯೂಟ್ರಿಷನ್ ಹೋಯ್ತು, ಅನಾಟಮಿಯಲ್ಲಿ ಸೆಕೆಂಡರಿ ಗ್ರೋತ್ ಭಾಗವೂ ಹೋಯ್ತು. ಉಳಿದದ್ದು ಒಂದು ಕಡೆ ಅನಾಟಮಿ, ಇನ್ನೊಂದು ಕಡೆ ಫೋಟೋಸಿಂಥೆಸಿಸ್, ಎರಡನ್ನೂ ಜೋಡಿಸುವ ಮಧ್ಯದ ವಿಷಯ ಮಾತ್ರ ಇಲ್ಲ. ನೀರು ಸಾಗಿಸುವ ಅಂಗಾಂಶ ಕ್ಸೈಲಮ್ ಎಲ್ಲಿ ಉಂಟು ಅಂತ ಮಕ್ಕಳಿಗೆ ಗೊತ್ತು, ಅದರಲ್ಲಿ ನೀರು ಮೇಲೆ ಹೋಗುದು ಹೇಗೆ ಅಂತ ಕೇಳಿದ್ರೆ ಮುಖ ಮುಖ ನೋಡ್ತಾರೆ.

ನನ್ನ ಅಭಿಪ್ರಾಯ ಸ್ಪಷ್ಟ. ಮಾರ್ಕ್ಸ್ ಬರ್ಲಿ ಬಿಡ್ಲಿ, ನೀರಿನ ದಾರಿ ಒಂದನ್ನು ಬೇರಿನಿಂದ ಎಲೆವರೆಗೆ ಸರಿಯಾಗಿ ಅರ್ಥ ಮಾಡಿಕೊಂಡ್ರೆ ಉಳಿದ ಎರಡು ಪಾಠದ ಅರ್ಧ ಬಾಯಿಪಾಠ ಮಾಡುದು ತಪ್ಪುತ್ತದೆ. ಅದಕ್ಕೆ ದೊಡ್ಡ ಲ್ಯಾಬ್ ಬೇಡ. ನಮ್ಮ ಉಡುಪಿ ಮಂಗಳೂರು ಕಡೆ ತೆಂಗು, ಹಲಸು, ಕೆಸು ಇಲ್ಲದ ಹಿತ್ತಿಲು ಎಷ್ಟು ಉಂಟು ಹೇಳಿ.

ಮೊದಲು ತೆಂಗು ಮತ್ತು ಹಲಸು. ಹಿಂದೆ ತೆಂಗಿನ ಮರ ಹತ್ಲಿಕ್ಕೆ ಕಾಂಡಕ್ಕೆ ಕತ್ತಿಯಲ್ಲಿ ಕಚ್ಚು ಹಾಕ್ತಿದ್ರು, ಹಳೇ ಮರಗಳಲ್ಲಿ ಈಗಲೂ ಕಾಣ್ತದೆ. ಎಷ್ಟು ವರ್ಷ ಆದ್ರೂ ಆ ಕಚ್ಚು ಹಾಗೇ ಇರ್ತದೆ, ತುಂಬುದಿಲ್ಲ, ಮುಚ್ಚುದಿಲ್ಲ. ಹಲಸಿನ ಮರದ ಕೊಂಬೆ ಕಡಿದ ಜಾಗ ನೋಡಿ, ಸುತ್ತಲಿಂದ ದಪ್ಪ ಅಂಚು ಎದ್ದು ಕೆಲವು ವರ್ಷದಲ್ಲಿ ಗಾಯದ ಮೇಲೆ ಮುಚ್ಚಿಕೊಂಡು ಬಂದಿರ್ತದೆ. ಈ ಒಂದು ವ್ಯತ್ಯಾಸದಲ್ಲಿ ನಿಮ್ಮ ಟೇಬಲಿನ ಮುಖ್ಯ ಸಾಲು ಉಂಟು, ಅದು ಕ್ಯಾಂಬಿಯಂ. ಹಲಸು ಡೈಕಾಟ್, ಸಾಗಾಟದ ಕೊಳವೆಗಳ ಕಟ್ಟು ಅಂದ್ರೆ ಅದರ ವ್ಯಾಸ್ಕ್ಯುಲರ್ ಬಂಡಲ್‌ನಲ್ಲಿ ಒಳಗೆ ಕ್ಸೈಲಮ್, ಹೊರಗೆ ಸಕ್ಕರೆ ಸಾಗಿಸುವ ಫ್ಲೋಯಂ, ಎರಡರ ಮಧ್ಯೆ ವಿಭಜನೆ ಆಗ್ತಾ ಇರುವ ಕ್ಯಾಂಬಿಯಂ, ಹಾಗಾಗಿ ಓಪನ್ ಬಂಡಲ್. ಬಂಡಲ್‌ಗಳು ಒಂದು ವೃತ್ತದಲ್ಲಿ ಇರುದರಿಂದ ಒಂದರ ಕ್ಯಾಂಬಿಯಂ ಪಕ್ಕದ್ದರ ಜೊತೆ ಸೇರಿ ಪೂರ್ತಿ ಉಂಗುರ ಆಗ್ತದೆ, ಆ ಉಂಗುರ ಒಳಗಡೆಗೆ ಹೊಸ ಕ್ಸೈಲಮ್, ಹೊರಗಡೆಗೆ ಹೊಸ ಫ್ಲೋಯಂ ಕೊಡ್ತಾ ಹೋಗ್ತದೆ, ಮರ ದಪ್ಪ ಆಗ್ತದೆ. ತೆಂಗು ಮೋನೋಕಾಟ್, ಬಂಡಲ್‌ಗಳು ಕಾಂಡ ತುಂಬ ಚದುರಿ ಇರ್ತವೆ, ಒಳಗೆ ಕ್ಯಾಂಬಿಯಂ ಇಲ್ಲ, ಕ್ಲೋಸ್ಡ್. ಗಾಯ ಮುಚ್ಲಿಕ್ಕೆ ಹೊಸ ಅಂಗಾಂಶ ಕೊಡುವವರೇ ಅಲ್ಲಿಲ್ಲ. ಬುಡದ ಉಬ್ಬು ಬಿಟ್ರೆ ತೆಂಗಿನ ಕಾಂಡದ ದಪ್ಪ ತುದಿವರೆಗೆ ಹೆಚ್ಚುಕಡಿಮೆ ಒಂದೇ ಇರುದು ಇದೇ ಕಾರಣಕ್ಕೆ. ಹೊರಗೆ ಕಾಣುವ ಉಂಗುರ ಆನ್ಯುಯಲ್ ರಿಂಗ್ ಅಲ್ಲ, ಮಡಲು ಬಿದ್ದ ಗುರುತು, ಇದನ್ನು ತುಂಬ ಮಕ್ಕಳು ತಪ್ಪು ಬರೀತಾರೆ.

ಹಲಸಿನ ಮರ ಸೀಳಿದ್ರೆ ಮಧ್ಯದಲ್ಲಿ ಹಳದಿ ತಿರುಳು, ಹೊರಗೆ ಬಿಳಿಚು ಭಾಗ. ಬಡಗಿ ಬಾಗಿಲಿಗೆ ಆರಿಸುದು ಹಳದಿಯನ್ನು, ಮದ್ದಳೆ ಮಾಡ್ಲಿಕ್ಕೂ ಹಲಸು ಬಳಸ್ತಾರೆ. ಆ ಹಳದಿ ಭಾಗ ಒಂದು ಕಾಲದಲ್ಲಿ ನೀರು ಸಾಗಿಸ್ತಿದ್ದ ಕ್ಸೈಲಮ್ಮೇ, ಈಗ ಟ್ಯಾನಿನ್, ರೆಸಿನ್, ಎಣ್ಣೆ ಅಂಶ ಎಲ್ಲ ತುಂಬಿ ಗಟ್ಟಿಯಾಗಿ ನೀರು ಸಾಗಿಸುದು ನಿಲ್ಲಿಸಿದೆ, ಅದು ಹಾರ್ಟ್‌ವುಡ್. ಹೊರಗಿನ ಬಿಳಿ ಭಾಗ ಸ್ಯಾಪ್‌ವುಡ್, ಇವತ್ತಿನ ನೀರು ಹೋಗುದು ಅದರಲ್ಲಿ. ತೆಂಗಿನಲ್ಲಿ ಇದು ಉಲ್ಟಾ, ಗಟ್ಟಿ ಇರುದು ಹೊರಗೆ, ಮಧ್ಯದಲ್ಲಿ ಮೆತ್ತಗೆ. ಹಾಗಾಗಿ ಪಕ್ಕಾಸಿಗೆ ಹಳೇ ತೆಂಗಿನ ಹೊರಭಾಗ ಮಾತ್ರ ಬಳಸುದು. ಕಾರಣ ನಿಮ್ಮ ಮೆಕ್ಕೆಜೋಳದ ಕಾಂಡದ ಸ್ಲೈಡಿನಲ್ಲೇ ಉಂಟು, ಅಂಚಿನಲ್ಲಿ ಸಣ್ಣ ಬಂಡಲ್‌ಗಳು ಒತ್ತೊತ್ತಾಗಿ, ಮಧ್ಯದಲ್ಲಿ ದೊಡ್ಡವು ದೂರ ದೂರ, ಒಂದೊಂದರ ಸುತ್ತ ಸ್ಕ್ಲೀರೆಂಕೈಮದ ಗಟ್ಟಿ ಹೊದಿಕೆ. ಮಳೆಗಾಲದಲ್ಲಿ ಸಮುದ್ರದ ಗಾಳಿಗೆ ತೆಂಗು ಬಾಗಿ ಎದ್ದು ನಿಲ್ಲುದರಲ್ಲಿ ಅಂಚಿನ ಆ ಗಟ್ಟಿ ಕಟ್ಟಿನ ಪಾಲು ದೊಡ್ಡದು. ಇದನ್ನು ಒಮ್ಮೆ ಹೀಗೆ ನೋಡಿದ ಮೇಲೆ ಬಂಡಲ್ ಶೀತ್ ಅನ್ನುವ ಆ ಗಟ್ಟಿ ಹೊದಿಕೆ ಯಾವುದರಲ್ಲಿ ಉಂಟು ಅಂತ ಉರು ಹೊಡೆಯುವ ಅಗತ್ಯ ಬರುದಿಲ್ಲ.

ತೆಂಗಿಗೆ ಇರುದು ಒಂದೇ ಸುಳಿ, ಅಂದ್ರೆ ಒಂದೇ ಏಪಿಕಲ್ ಮೆರಿಸ್ಟೆಮ್ (ತುದಿಯ ಬೆಳೆಯುವ ಭಾಗ). ಸುಳಿ ಕೊಳೆತ್ರೆ ಮರ ಹೋಯ್ತು ಅಂತಲೇ ಲೆಕ್ಕ. ಕುರುವಾಯಿ ದುಂಬಿ ಸುಳಿಯ ಹತ್ರ ಕೊರೀತದೆ ಅಂದ್ರೆ ತೋಟದವರು ಅಷ್ಟು ಹೆದರುದು ಸುಮ್ಮನೆ ಅಲ್ಲ. ಹಲಸಿನ ತುದಿ ಕಡಿದ್ರೆ ಪಕ್ಕದ ಮೊಗ್ಗುಗಳು ಚಿಗುರ್ತವೆ, ಏಪಿಕಲ್ ಡಾಮಿನೆನ್ಸ್ (ತುದಿ ಮೊಗ್ಗು ಪಕ್ಕದ ಮೊಗ್ಗನ್ನು ತಡೆಯುದು) ಪ್ರಶ್ನೆಗೆ ಅದೇ ಉದಾಹರಣೆ ಬರೀಬಹುದು.

ಇನ್ನು ಬೇರು. ಕಾಂಡ ಮತ್ತು ಬೇರಿನ ಸೆಕ್ಷನ್ ಗುರುತಿಸುದರಲ್ಲಿ ಗೊಂದಲ ಆದ್ರೆ ಮೊದಲು ಒಂದೇ ವಿಷಯ ನೋಡಿ, ಕ್ಸೈಲಮ್ ಫ್ಲೋಯಂ ಒಂದೇ ತ್ರಿಜ್ಯದ ಮೇಲೆ ಒಟ್ಟಿಗೆ ಉಂಟಾ, ಬೇರೆ ಬೇರೆ ತ್ರಿಜ್ಯದಲ್ಲಿ ಪರ್ಯಾಯವಾಗಿ ಉಂಟಾ. ಬೇರೆ ಬೇರೆ ಆದ್ರೆ ರೇಡಿಯಲ್, ಅದು ಬೇರು. ಮೊದಲು ಬೆಳೆದ ಕ್ಸೈಲಮ್, ಅಂದ್ರೆ ಪ್ರೋಟೋಕ್ಸೈಲಮ್, ಹೊರಗಡೆಗೆ ಇದ್ರೆ ಎಕ್ಸಾರ್ಕ್, ಅದೂ ಬೇರೇ. ಆಮೇಲೆ ಕ್ಸೈಲಮ್ ಕಟ್ಟು ಎಣಿಸಿ, ಎರಡರಿಂದ ನಾಲ್ಕು ಇದ್ದು ಪಿತ್ (ಮಧ್ಯದ ಮೆತ್ತಗಿನ ಭಾಗ) ಸಣ್ಣದಿದ್ರೆ ಡೈಕಾಟ್, ಆರಕ್ಕಿಂತ ಹೆಚ್ಚಿದ್ದು ಪಿತ್ ದೊಡ್ಡದಿದ್ರೆ ಮೋನೋಕಾಟ್. ಸ್ಪಾಟಿಂಗ್‌ನಲ್ಲಿ ಸಫ್ರಾನಿನ್ ಬಣ್ಣ ಹಾಕಿದ ಸ್ಲೈಡ್ ಇಟ್ಟಿರ್ತಾರೆ, ಕೆಂಪಾಗಿ ಎದ್ದು ಕಾಣುದು ಗೋಡೆ ಗಟ್ಟಿ ಮಾಡುವ ಲಿಗ್ನಿನ್ ಇರುವ ಜಾಗ, ಅಂದ್ರೆ ಕ್ಸೈಲಮ್, ಸ್ಕ್ಲೀರೆಂಕೈಮ. ಅಲ್ಲಿಂದ ಶುರು ಮಾಡಿದ್ರೆ ಗಾಬರಿ ಆಗುದಿಲ್ಲ.

ಬೇರಿನಲ್ಲಿ ನನಗೆ ತುಂಬ ಇಷ್ಟದ ಭಾಗ ಎಂಡೋಡರ್ಮಿಸ್, ಸಾಗಾಟದ ಕೊಳವೆಗಳ ಸುತ್ತ ಇರುವ ಒಂದು ಸಾಲು ಕೋಶ. ಮಣ್ಣಿನ ನೀರು ಬೇರುರೋಮದಿಂದ ಒಳಗೆ ಬರುವಾಗ ಎರಡು ದಾರಿ, ಕೋಶಗಳ ಗೋಡೆಯಲ್ಲೇ ನುಸುಳಿಕೊಂಡು ಬರುದು ಅಪೋಪ್ಲಾಸ್ಟ್, ಕೋಶದ ಒಳಗಿಂದ ಒಳಗೆ ಪ್ಲಾಸ್ಮೋಡೆಸ್ಮಾಟಾ ಎಂಬ ಸಣ್ಣ ಸೇತುವೆಗಳ ಮೂಲಕ ಬರುದು ಸಿಂಪ್ಲಾಸ್ಟ್. ಗೋಡೆಯ ದಾರಿ ಸುಲಭ, ಹೆಚ್ಚಿನ ನೀರು ಬರುದು ಅದರಲ್ಲೇ. ಎಂಡೋಡರ್ಮಿಸ್ ಹತ್ರ ಬಂದಾಗ ಕ್ಯಾಸ್ಪೇರಿಯನ್ ಸ್ಟ್ರಿಪ್ ಅಂತ ನೀರು ಬಿಡದ ಸುಬೆರಿನ್ ಪಟ್ಟಿ ಗೋಡೆಯ ದಾರಿಯನ್ನು ಮುಚ್ಚಿರ್ತದೆ. ಅಲ್ಲಿ ನೀರು, ಲವಣ ಎಲ್ಲವೂ ಒಮ್ಮೆ ಜೀವಂತ ಕೋಶದ ಪೊರೆ ದಾಟಿಯೇ ಹೋಗ್ಬೇಕು, ಪೊರೆ ಬೇಕಾದ್ದನ್ನು ಬಿಡ್ತದೆ, ಬೇಡದ್ದರಲ್ಲಿ ತುಂಬ ತಡೀತದೆ.

ಇದು ಎಷ್ಟು ದೊಡ್ಡ ಕೆಲಸ ಅಂತ ಕಾಣ್ಬೇಕಾದ್ರೆ ಕೋಡಿಬೆಂಗ್ರೆ ಕಡೆ ಹೋಗಿ, ಸೀತಾ ಸ್ವರ್ಣಾ ನದಿ ಸಮುದ್ರ ಸೇರುವ ಆಸುಪಾಸಿನಲ್ಲಿ ಕಾಂಡ್ಲ (ಮ್ಯಾಂಗ್ರೋವ್) ಗಿಡ ನಿಂತಿದೆ. ಸಮುದ್ರದ ನೀರಿನ ವಾಟರ್ ಪೊಟೆನ್ಶಿಯಲ್ (ನೀರು ಹರಿದು ಹೋಗುವ ಪ್ರವೃತ್ತಿಯ ಅಳತೆ) ಸುಮಾರು ಮೈನಸ್ 2.5 ಮೆಗಾಪಾಸ್ಕಲ್, ಶುದ್ಧ ನೀರಿನದ್ದು ಸೊನ್ನೆ, ನೀರು ಹರಿಯುದು ಯಾವಾಗಲೂ ಹೆಚ್ಚಿನಿಂದ ಕಡಿಮೆ ಕಡೆಗೆ. ಹಾಗಾದ್ರೆ ಉಪ್ಪು ನೀರಿನಿಂದ ನೀರು ಎಳೀಬೇಕಾದ್ರೆ ಕಾಂಡ್ಲದ ಒಳಗೆ ಅದಕ್ಕಿಂತಲೂ ಕಡಿಮೆ ಇರ್ಬೇಕು, ಮೈನಸ್ 2.5ಕ್ಕಿಂತ ಕೆಳಗೆ. 1965ರಲ್ಲಿ ಶೋಲಾಂಡರ್ ಮತ್ತು ಜೊತೆಗಾರರು ಪ್ರೆಷರ್ ಚೇಂಬರ್ ಎಂಬ ಉಪಕರಣದಲ್ಲಿ ಕೊಂಬೆ ಇಟ್ಟು ಅಳೆದಾಗ ಕಾಂಡ್ಲ ಜಾತಿಯ ಗಿಡಗಳ ಕ್ಸೈಲಮ್ ನೀರು ಅಷ್ಟು ಬಲವಾದ ಎಳೆತದಲ್ಲಿ ಇರುದು ಕಂಡುಬಂತು, ಆ ನೀರಿನಲ್ಲಿ ಉಪ್ಪು ತುಂಬ ಕಡಿಮೆ. ಅಂದ್ರೆ ಮೇಲಿಂದ ಎಲೆ ಎಳೀತದೆ, ಕೆಳಗೆ ಬೇರಿನ ಪೊರೆ ಉಪ್ಪನ್ನು ಹೊರಗೇ ನಿಲ್ಲಿಸ್ತದೆ. ರೈಜೋಫೊರಾ ಹೆಚ್ಚಾಗಿ ಬೇರಿನಲ್ಲೇ ತಡೆಯುವ ಜಾತಿ, ಅವಿಸೆನಿಯಾ ಒಳಗೆ ಬಂದ ಉಪ್ಪನ್ನು ಎಲೆಯ ಗ್ರಂಥಿಯಿಂದ ಹೊರಗೆ ಹಾಕ್ತದೆ, ಅದರ ಎಲೆ ಮೇಲೆ ಬೆರಳು ಎಳೆದು ನಾಲಿಗೆಗೆ ಇಟ್ರೆ ಉಪ್ಪು ಗೊತ್ತಾಗ್ತದೆ. ಕೆಸರಿನಿಂದ ಮೇಲೆ ಕಡ್ಡಿ ಕಡ್ಡಿಯಾಗಿ ಎದ್ದಿರುವ ನ್ಯೂಮ್ಯಾಟೋಫೋರ್ ಅವಿಸೆನಿಯಾದ್ದು, ಕೆಸರಲ್ಲಿ ಆಮ್ಲಜನಕ ಇಲ್ಲದ ಕಾರಣ ಬೇರು ಉಸಿರಾಡ್ಲಿಕ್ಕೆ ಮೇಲೆ ಬರ್ತದೆ. ಕಮಾನಿನ ಹಾಗೆ ಬೇರು ಊರಿ ನಿಂತದ್ದು ರೈಜೋಫೊರಾ. ಈ ಎರಡನ್ನು ಕಣ್ಣಲ್ಲಿ ನೋಡಿದ ಮಕ್ಕಳು ಪರೀಕ್ಷೆಯಲ್ಲಿ ಅದಲು ಬದಲು ಮಾಡಿದ್ದನ್ನು ನಾನು ಕಂಡಿಲ್ಲ.

ಈಗ ಮುಖ್ಯ ಪ್ರಶ್ನೆ. ಎತ್ತರದ ತೆಂಗು 20 ಮೀಟರಿಗಿಂತ ಮೇಲೆ ಹೋಗ್ತದೆ. ನಾವು ಸ್ಟ್ರಾ ಹಾಕಿ ಬೊಂಡ ಕುಡಿಯುವಾಗ ನೀರು ಬಾಯಿಗೆ ಬರುದು ವಾತಾವರಣದ ಒತ್ತಡದಿಂದ, ಆ ಒತ್ತಡಕ್ಕೆ ನೀರನ್ನು ಸುಮಾರು 10 ಮೀಟರ್ ಎತ್ತುವಷ್ಟೇ ಶಕ್ತಿ, ಎಷ್ಟೇ ಜೋರು ಎಳೆದ್ರೂ ಅದರಿಂದ ಮೇಲೆ ಬರ್ಲಿಕ್ಕಿಲ್ಲ. ಹಾಗಾದ್ರೆ ತೆಂಗಿನ ತುದಿಗೆ, ಮಡಲಿಗೆ, ಬೊಂಡದ ಒಳಗೆ ನೀರು ಹೋಗುದು ಹೇಗೆ?

ಬೇರು ತಳ್ಳುತ್ತದೆ ಅಂತ ಮೊದಲ ಉತ್ತರ, ರೂಟ್ ಪ್ರೆಷರ್. ಅದು ಇಲ್ಲ ಅಂತಲ್ಲ, ನೋಡ್ಲಿಕ್ಕೂ ಸಿಗ್ತದೆ. ಆಟಿ ತಿಂಗಳಲ್ಲಿ ಬೆಳಿಗ್ಗೆ ಬೇಗ ಎದ್ದು ಕೆಸುವಿನ ಎಲೆಯ ತುದಿ ನೋಡಿ, ಗದ್ದೆಯಲ್ಲಿ ಭತ್ತದ ಎಲೆಯ ತುದಿ ನೋಡಿ, ಒಂದೊಂದು ಹನಿ ನೀರು ನಿಂತಿರ್ತದೆ. ಮಳೆಹನಿ, ಇಬ್ಬನಿ ಆದ್ರೆ ಎಲೆ ತುಂಬ ಇರ್ಬೇಕಿತ್ತು, ಇದು ತುದಿಯಲ್ಲಿ ಮಾತ್ರ. ರಾತ್ರಿ ಗಾಳಿಯಲ್ಲಿ ತೇವ ತುಂಬಿ ಎಲೆಯಿಂದ ನೀರು ಆವಿಯಾಗುದು ಕಡಿಮೆ ಆದಾಗ ಬೇರು ಲವಣ ಒಳಗೆ ಎಳೆದುಕೊಂಡು, ಅದರ ಹಿಂದೆ ನೀರು ಬಂದು, ಒತ್ತಡ ಹೆಚ್ಚಾಗಿ ಹೈಡಥೋಡ್ ಎಂಬ ರಂಧ್ರದಿಂದ ಹೊರಗೆ ಬರ್ತದೆ. ಇದೇ ಗಟೇಷನ್. ಎಲೆಯ ಸೂಕ್ಷ್ಮ ರಂಧ್ರ ಸ್ಟೊಮಾಟಾದಿಂದ ಬರುದು ಆವಿ, ಹೈಡಥೋಡಿನಿಂದ ಬರುದು ದ್ರವ, ಈ ಒಂದು ವಾಕ್ಯಕ್ಕೆ ಎಷ್ಟೋ ಸಲ ಮಾರ್ಕ್ಸ್ ಕೊಟ್ಟಿದ್ದಾರೆ. (ಕೆಸುವಿನ ವಿಷಯ ಬಂತು ಅಂತ ಹೇಳ್ತೇನೆ, ಪತ್ರೊಡೆಗೆ ಹುಣಸೆ ಹುಳಿ ಹಾಕದಿದ್ರೆ ಗಂಟಲು ತುರಿಸ್ತದಲ್ಲ, ಅದು ಎಲೆಯ ಕೋಶಗಳ ಒಳಗಿನ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳಿಂದ, ಅವಕ್ಕೆ ರಾಫೈಡ್ಸ್ ಅಂತ ಹೆಸರು, ಅನಾಟಮಿ ಪ್ರಾಕ್ಟಿಕಲ್‌ನಲ್ಲಿ ಬಂದದ್ದುಂಟು.) ಆದ್ರೆ ಈ ತಳ್ಳುವ ಬಲ ಸಣ್ಣ ಗಿಡಕ್ಕೆ ಸಾಕು, 20 ಮೀಟರಿಗೆ ಸಾಲುದಿಲ್ಲ. ಹಗಲಲ್ಲಿ ಗಿಡಕ್ಕೆ ಹೆಚ್ಚು ನೀರು ಬೇಕಾದಾಗಲೇ ಅದು ಕಡಿಮೆ ಇರ್ತದೆ.

ಜೀವಂತ ಕೋಶಗಳು ಪಂಪ್ ಮಾಡ್ತವೆ ಅಂತ ಎರಡನೇ ಉತ್ತರ. ನಮ್ಮ ಜಗದೀಶ್ ಚಂದ್ರ ಬೋಸ್ ಅವರೇ ಕೋಶಗಳ ಮಿಡಿತದಿಂದ ರಸ ಏರುತ್ತದೆ ಅಂತ ವಾದ ಮಾಡಿದ್ರು. ಗಿಡಕ್ಕೆ ಪ್ರತಿಕ್ರಿಯೆ ಉಂಟು ಅಂತ ತೋರಿಸಿದ ದೊಡ್ಡ ವಿಜ್ಞಾನಿ, ಆದ್ರೆ ಈ ವಿಷಯದಲ್ಲಿ ಪ್ರಯೋಗಗಳು ಅವರ ಕಡೆ ನಿಲ್ಲಲಿಲ್ಲ. ಅದಕ್ಕೂ ಮೊದಲೇ, 1890ರ ದಶಕದಲ್ಲಿ, ಜರ್ಮನಿಯ ಎಡುವರ್ಡ್ ಸ್ಟ್ರಾಸ್‌ಬರ್ಗರ್ ಎತ್ತರದ ಮರಗಳನ್ನು ಬುಡದಲ್ಲಿ ಕಡಿದು ವಿಷದ ದ್ರಾವಣದಲ್ಲಿ ನಿಲ್ಲಿಸಿದ್ರು. ವಿಷ ಏರಿದ ಹಾಗೆ ಕಾಂಡದ ಜೀವಂತ ಕೋಶ ಸಾಯ್ತಾ ಹೋಯ್ತು, ದ್ರಾವಣ ಏರುದು ಮಾತ್ರ ಮುಂದುವರೀತು. ಕಾಂಡದ ಕೋಶ ಸತ್ತರೂ ನೀರು ಏರ್ತದೆ ಅಂದ ಮೇಲೆ ಎಳೆಯುವ ಶಕ್ತಿ ಇರುದು ಎಲೆಯಲ್ಲಿ.

1894ರಲ್ಲಿ ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ ಹೇಳಿದ್ದು ಇದನ್ನೇ. ಎಲೆಯ ಒಳಗಿನ ಮೀಸೋಫಿಲ್ ಕೋಶಗಳ ಒದ್ದೆ ಗೋಡೆಯಿಂದ ನೀರು ಆವಿಯಾಗಿ ಸ್ಟೊಮಾಟಾದಿಂದ ಹೊರಗೆ ಹೋಗ್ತದೆ, ಹೋದ ಜಾಗಕ್ಕೆ ಹಿಂದಿನ ನೀರು ಎಳೆಯಲ್ಪಡ್ತದೆ. ನೀರಿನ ಅಣುಗಳು ಒಂದನ್ನೊಂದು ಹಿಡಿದುಕೊಳ್ತವೆ, ಅದು ಕೊಹೆಶನ್. ಗೋಡೆಗೂ ಅಂಟಿಕೊಳ್ತವೆ, ಅದು ಅಡ್ಹೆಶನ್. ಹಾಗಾಗಿ ಎಲೆಯಿಂದ ಬೇರಿನವರೆಗೆ ತುಂಡಾಗದ ಒಂದೇ ನೀರಿನ ಕಂಬ, ಇಡೀ ಕಂಬ ಎಳೆತದಲ್ಲಿ ಇರ್ತದೆ. ಸೂರ್ಯನ ಬಿಸಿಲೇ ಕೆಲಸ ಮಾಡುದು, ಗಿಡ ಎಟಿಪಿ, ಅಂದ್ರೆ ತನ್ನ ಶಕ್ತಿ, ಖರ್ಚು ಮಾಡ್ಬೇಕಾಗಿಲ್ಲ.

ಈಗ ಅನಾಟಮಿ ಪುಸ್ತಕ ಪುನಃ ತೆಗೀರಿ. ಕ್ಸೈಲಮ್ ವೆಸೆಲ್ ಸತ್ತ ಕೋಶ, ಒಳಗೆ ಪ್ರೋಟೋಪ್ಲಾಸಂ ಇಲ್ಲ, ಯಾಕೆ? ನೀರಿಗೆ ಅಡ್ಡ ಬರಬಾರ್ದು. ತುದಿಗೋಡೆಯಲ್ಲಿ ತೂತು ಯಾಕೆ, ಕಂಬ ತುಂಡಾಗದೆ ಹೋಗ್ಲಿಕ್ಕೆ. ಗೋಡೆಗೆ ಲಿಗ್ನಿನ್ ಯಾಕೆ, ಒಳಗೆ ಅಷ್ಟು ಎಳೆತ ಇರುವಾಗ ಮೆತ್ತಗಿನ ಗೋಡೆ ಒಳಗೆ ಕುಸೀತದೆ, ಅದಕ್ಕೆ. ನೋಡಿ, ಮೂರು ಸಾಲು ಉರು ಹೊಡೀತಿದ್ದದ್ದು ಒಂದೇ ಕಾರಣಕ್ಕೆ ಸೇರಿತು. ನಾನು ಈ ಪಾಠ ಬಿಡಬೇಡಿ ಅಂತ ಇಷ್ಟು ಹೇಳುದು ಇದಕ್ಕೇ.

ಎಲೆಗೆ ಬಂದ ನೀರಿನಲ್ಲಿ ಫೋಟೋಸಿಂಥೆಸಿಸ್‌ಗೆ ಉಪಯೋಗ ಆಗುದು ಶೇಕಡಾ 1ಕ್ಕಿಂತ ಕಡಿಮೆ, ಉಳಿದದ್ದು ಹೆಚ್ಚುಕಡಿಮೆ ಎಲ್ಲ ಆವಿ. ಯಾಕೆ ಇಷ್ಟು ನಷ್ಟ? ಕಾರ್ಬನ್ ಡೈಆಕ್ಸೈಡ್ ಒಳಗೆ ಬರುದೂ ಅದೇ ಸ್ಟೊಮಾಟಾದಿಂದ, ಬಾಗಿಲು ತೆರೆದ್ರೆ ನೀರು ಹೋಗ್ತದೆ, ಮುಚ್ಚಿದ್ರೆ ಆಹಾರ ಇಲ್ಲ. ಸ್ಟೊಮಾಟಾದ ಎರಡು ಬದಿಯ ಗಾರ್ಡ್ ಕೋಶಕ್ಕೆ ಪೊಟ್ಯಾಸಿಯಂ ಅಯಾನು ಬಂದು, ಹಿಂದೆ ನೀರು ಬಂದು ಉಬ್ಬಿದಾಗ ತೆರೀತದೆ, ಒಳಗಿನ ಗೋಡೆ ದಪ್ಪ ಇರುದರಿಂದ ಬಾಗಿಕೊಳ್ತದೆ. ಹೆಚ್ಚಿನ ಡೈಕಾಟ್‌ಗಳಲ್ಲಿ ಹುರುಳಿಬೀಜದ ಆಕಾರ, ಹುಲ್ಲು ಭತ್ತದ ಜಾತಿಯಲ್ಲಿ ಡಂಬೆಲ್ ಆಕಾರ. ಹುಲ್ಲಿನ ಎಲೆಯ ಮೇಲಿನ ಬುಲ್ಲಿಫಾರ್ಮ್ ಕೋಶಗಳು ನೀರು ಕಡಿಮೆ ಆದಾಗ ಸಡಿಲವಾಗಿ ಎಲೆ ಸುರುಳಿ ಸುತ್ತಿಕೊಳ್ತದೆ, ಇದೂ ನೀರು ಉಳಿಸುವ ಲೆಕ್ಕವೇ.

ಸಿ4 (ಕಬ್ಬಿನಂಥ ಗಿಡಗಳ ಫೋಟೋಸಿಂಥೆಸಿಸ್ ದಾರಿ) ಪಾಠ ಕಷ್ಟ ಅಂತ ಅಳುವ ಮಕ್ಕಳು ಇಲ್ಲಿಂದ ನೋಡಿ. ಬಿಸಿಲು ಹೆಚ್ಚಾಗಿ ಸ್ಟೊಮಾಟಾ ಮುಚ್ಚಿದಾಗ ಎಲೆ ಒಳಗೆ ಕಾರ್ಬನ್ ಡೈಆಕ್ಸೈಡ್ ಕಡಿಮೆ, ಆಮ್ಲಜನಕ ಹೆಚ್ಚು. ಆಗ ಕಾರ್ಬನ್ ಡೈಆಕ್ಸೈಡ್ ಹಿಡಿಯುವ ಕಿಣ್ವ ರುಬಿಸ್ಕೋ ಆಮ್ಲಜನಕವನ್ನೂ ಹಿಡೀತದೆ, ಫೋಟೋರೆಸ್ಪಿರೇಷನ್, ಗಿಡಕ್ಕೆ ನಷ್ಟ. ಭತ್ತಕ್ಕೆ ಈ ತೊಂದರೆ ಉಂಟು, ಅದು ಸಿ3, ಸಿ4 ದಾರಿ ಇಲ್ಲದ್ದು. ಕಬ್ಬು, ಮೆಕ್ಕೆಜೋಳದಲ್ಲಿ ಮೀಸೋಫಿಲ್‌ನಲ್ಲಿ ರುಬಿಸ್ಕೋ ಇಲ್ಲ, ಅಲ್ಲಿ ಪೆಪ್ ಕಾರ್ಬಾಕ್ಸಿಲೇಸ್ ಎಂಬ ಬೇರೆ ಕಿಣ್ವ, ಅದಕ್ಕೆ ಆಮ್ಲಜನಕದ ಗೊಡವೆ ಇಲ್ಲ. ನಾಲ್ಕು ಕಾರ್ಬನ್ನಿನ ಆಮ್ಲ ಮಾಡಿ ಎಲೆಯ ನರದ ಸುತ್ತಲಿನ ಬಂಡಲ್ ಶೀತ್ ಕೋಶಕ್ಕೆ ಕಳಿಸ್ತದೆ, ಅಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಡುಗಡೆ ಆಗಿ ರುಬಿಸ್ಕೋದ ಸುತ್ತ ಒತ್ತಾಗಿ ತುಂಬ್ತದೆ. ಆ ಕೋಶದ ಗೋಡೆ ದಪ್ಪ, ನಡುವೆ ಖಾಲಿ ಜಾಗ ಇಲ್ಲ, ಯಾಕೆ ಅಂತ ಈಗ ನೀವೇ ಹೇಳಬಹುದು, ಅನಿಲ ಸೋರಬಾರ್ದು. ಇದೇ ಕ್ರಾಂಜ್ ಅನಾಟಮಿ. 1966ರಲ್ಲಿ ಹ್ಯಾಚ್ ಮತ್ತು ಸ್ಲಾಕ್ ಆಸ್ಟ್ರೇಲಿಯಾದಲ್ಲಿ ಈ ದಾರಿಯನ್ನು ವಿವರಿಸಿದ್ದು ಕಬ್ಬಿನ ಎಲೆಯಲ್ಲಿ. ಒಂದೇ ಪ್ರಮಾಣದ ಕಾರ್ಬನ್ ಡೈಆಕ್ಸೈಡ್ ಹಿಡೀಲಿಕ್ಕೆ ಸಿ4 ಗಿಡ ಸಿ3 ಗಿಡದ ಅರ್ಧದಷ್ಟೇ ನೀರು ಕಳಕೊಳ್ತದೆ ಅಂತ ಒಂದು ವಾಕ್ಯ ಇತ್ತು, ಅದು ಇದ್ದದ್ದು ತೆಗೆದುಹಾಕಿದ ಆ ಪಾಠದಲ್ಲೇ. ಅನಾನಸು ಇನ್ನೂ ಮುಂದೆ ಹೋಗಿ ರಾತ್ರಿ ಸ್ಟೊಮಾಟಾ ತೆರೆದು ಆಮ್ಲವಾಗಿ ಸಂಗ್ರಹಿಸಿ ಹಗಲು ಮುಚ್ಚಿಕೊಂಡು ಸಕ್ಕರೆ ಮಾಡ್ತದೆ, ಕ್ಯಾಮ್.

ಕೊನೆಗೆ ಫ್ಲೋಯಂ, ಅದಕ್ಕೆ ಮೂರ್ತೆದಾರರ (ಕಳ್ಳು ಇಳಿಸುವವರ) ಕೆಲಸಕ್ಕಿಂತ ಒಳ್ಳೆ ಪ್ರಯೋಗ ನನಗೆ ಗೊತ್ತಿಲ್ಲ. ಅರಳದ ಹೊಂಬಾಳೆಯನ್ನು ಕಟ್ಟಿ, ಮೆಲ್ಲ ಬಡಿದು, ತುದಿಯನ್ನು ದಿನಾ ತೆಳ್ಳಗೆ ಕೆತ್ತಿದ್ರೆ ರಸ ಸುರೀತಾ ಇರ್ತದೆ. ಆಗಷ್ಟೇ ಇಳಿಸಿದ್ದು ಸಿಹಿ, ಯೀಸ್ಟ್ ಸೇರಿ ಹುಳಿ ಬಂದ್ರೆ ಕಳ್ಳು. ಸಿಹಿ ಯಾಕೆ ಅಂದ್ರೆ ಅದು ಫ್ಲೋಯಂ ರಸ, ಗಿಡ ಸಕ್ಕರೆಯನ್ನು ಸಾಗಿಸುದು ಸುಕ್ರೋಸ್ ರೂಪದಲ್ಲಿ. ಕ್ಸೈಲಮ್ ಕಡಿದ್ರೆ ಗಾಳಿ ಒಳಗೆ ಹೋಗ್ತದೆ, ಯಾಕೆಂದ್ರೆ ಅಲ್ಲಿ ಎಳೆತ. ಫ್ಲೋಯಂ ಕಡಿದ್ರೆ ರಸ ಹೊರಗೆ ಬರ್ತದೆ, ಅಲ್ಲಿ ಒತ್ತಡ. 1930ರಲ್ಲಿ ಮುಂಚ್ ಕೊಟ್ಟ ಪ್ರೆಷರ್ ಫ್ಲೋ ವಿವರಣೆ ಇದೇ: ಎಲೆಯಲ್ಲಿ ಕಂಪ್ಯಾನಿಯನ್ ಕೋಶದ ಸಹಾಯದಿಂದ ಶಕ್ತಿ ಖರ್ಚು ಮಾಡಿ ಸುಕ್ರೋಸ್ ತುಂಬಿಸುದು, ಪಕ್ಕದ ಕ್ಸೈಲಮ್ಮಿನಿಂದ ಆಸ್ಮೋಸಿಸ್ ಮೂಲಕ ನೀರು ಬಂದು ಒತ್ತಡ ಏರುದು, ಸಿಂಕ್ (ಸಕ್ಕರೆ ಬಳಸುವ, ಕೂಡಿಡುವ ಜಾಗ) ಕಡೆ ಸಕ್ಕರೆ ಇಳಿದು ಒತ್ತಡ ಕಡಿಮೆ ಆಗುದು, ಆ ವ್ಯತ್ಯಾಸಕ್ಕೆ ರಸ ಹರಿಯುದು. ಫ್ಲೋಯಂನ ಕೊಳವೆ ಸೀವ್ ಟ್ಯೂಬಿಗೆ ಬೆಳೆದ ಮೇಲೆ ನ್ಯೂಕ್ಲಿಯಸ್ ಇಲ್ಲ, ಆದ್ರೂ ಜೀವಂತ. ತೆಂಗಿನಲ್ಲಿ ಹೊಸ ಫ್ಲೋಯಂ ಕೊಡುವ ಕ್ಯಾಂಬಿಯಂ ಇಲ್ಲದ ಕಾರಣ ಬುಡದ ಸೀವ್ ಟ್ಯೂಬ್ ಮರದ ಆಯುಷ್ಯ ಪೂರ್ತಿ ಕೆಲಸ ಮಾಡ್ಬೇಕು, ಹತ್ತಾರು ವರ್ಷ ನ್ಯೂಕ್ಲಿಯಸ್ ಇಲ್ಲದೆ ಬದುಕುವ ಕೋಶ, ಇದನ್ನು ಯೋಚಿಸಿದಾಗೆಲ್ಲ ನನಗೆ ಆಶ್ಚರ್ಯ ಆಗ್ತದೆ.

ಉಸಿರಾಟ, ಹಾರ್ಮೋನ್ ಇದರಲ್ಲಿ ಸೇರಿಸ್ಲಿಲ್ಲ, ಬೇರೆಯೇ ಬರೀತೇನೆ. ಅಲ್ಲಿವರೆಗೆ ಒಂದು ಪ್ರಶ್ನೆ ಕೊಡ್ತೇನೆ, ಟ್ಯೂಷನ್‌ನಲ್ಲಿ ನಾನು ಯಾವಾಗಲೂ ಕೇಳುವಂಥದ್ದು. ಹಲಸಿನ ಗಿಡದ ತೊಗಟೆಯನ್ನು ಉಂಗುರದ ಹಾಗೆ ಸುತ್ತ ತೆಗೆದ್ರೆ ಉಂಗುರದ ಮೇಲಿನ ಭಾಗ ಉಬ್ಬುತ್ತದೆ, ಎಲೆ ಮಾತ್ರ ಬಾಡುದಿಲ್ಲ, ತುಂಬ ಸಮಯದ ಮೇಲೆ ಬೇರು ಹಸಿವಿನಿಂದ ಸಾಯ್ತದೆ. ತೊಗಟೆ ಜೊತೆ ಹೋದದ್ದು ಫ್ಲೋಯಂ, ಕ್ಸೈಲಮ್ ಒಳಗೆ ಉಳಿದಿದೆ. ಇದೇ ಪ್ರಯೋಗ ತೆಂಗಿನ ಮರಕ್ಕೆ ಮಾಡಿದ್ರೆ ಎಂತ ಆಗ್ತದೆ ಅಂತ ಕೇಳಿದ್ರೆ ಹೆಚ್ಚಿನವರು ಅದನ್ನೇ ಪುನಃ ಬರೀತಾರೆ. ಆಗುದಿಲ್ಲ. ಫ್ಲೋಯಂ ಹೊರಗೆ ಒಂದು ಪದರವಾಗಿ ಇಲ್ಲ, ಚದುರಿದ ಪ್ರತಿಯೊಂದು ಬಂಡಲ್‌ನ ಒಳಗೆ ಕ್ಸೈಲಮ್ ಜೊತೆಯಲ್ಲೇ ಉಂಟು, ಸುಲಿದು ಬೇರೆ ಮಾಡುವ ತೊಗಟೆಯೂ ಅಲ್ಲಿಲ್ಲ. ಉತ್ತರದಲ್ಲಿ ಪಕ್ಕದಲ್ಲಿ ಎರಡು ಸಣ್ಣ ಸೆಕ್ಷನ್ ಚಿತ್ರ ಹಾಕಿ, ಒಂದರಲ್ಲಿ ಬಂಡಲ್ ವೃತ್ತದಲ್ಲಿ, ಇನ್ನೊಂದರಲ್ಲಿ ಚದುರಿ, ಫ್ಲೋಯಂ ಎಲ್ಲಿ ಅಂತ ಬಾಣ ಗುರುತು ಮಾಡಿ.